ಮೈಕ್ರೋವೇವ್ ಆನ್ ಮಾಡಿದರೆ ವೈಫೈ ಏಕೆ ಕಡಿಯುತ್ತದೆ?

ಪ್ರಶ್ನೆ: ಮೈಕ್ರೋವೇವ್ ಒಲೆ ಆನ್ ಮಾಡಿದಾಗಲೆಲ್ಲ ಮನೆಯ ವೈಫೈ ಕೈಕೊಡುತ್ತದೆ. ರೂಟರ್ ಹಳೆಯದು. ಬದಲಿಸಬೇಕೇ?

ಉತ್ತರ: ನಿಮ್ಮ ಅನುಮಾನ ಸರಿಯಾಗಿದೆ. ಒಲೆ ಆಹಾರ ಬಿಸಿಮಾಡುವುದು ಸುಮಾರು 2.45 ಗಿಗಾಹರ್ಟ್ಸ್ ಅಲೆಗಳಿಂದ; ಹಳೆಯ ರೂಟರ್‌ಗಳು ಕೆಲಸ ಮಾಡುವುದೂ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲೇ. ಒಲೆಯಿಂದ ಸೋರುವ ಅಲೆ ಅಲ್ಪ, ಬಾಗಿಲು ಸರಿಯಿದ್ದರೆ ಅಪಾಯವಿಲ್ಲ. ಆದರೆ ಫೋನ್ ತಲುಪುವ ಹೊತ್ತಿಗೆ ರೂಟರ್‌ನ ಸಂಕೇತ ಅದಕ್ಕಿಂತಲೂ ಕ್ಷೀಣವಾಗಿರಬಹುದು. ಜೊತೆಗೆ ನೆರೆಮನೆಗಳ ರೂಟರ್‌ಗಳೂ ಅಲ್ಲೇ ಗುಂಪುಗೂಡಿರುತ್ತವೆ. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ.

ಹಣ ಖರ್ಚು ಮಾಡುವ ಮುನ್ನ ಲ್ಯಾಪ್‌ಟಾಪನ್ನು ಕೇಬಲ್‌ನಿಂದ ನೇರ ರೂಟರ್‌ಗೆ ಜೋಡಿಸಿ ನೋಡಿ. ಆಗಲೂ ಕಡಿದರೆ ದೋಷ ವೈಫೈಯದಲ್ಲ. ಹೊರಗಿನ ಲೈನು, ರೂಟರ್‌ನ ಅಡಾಪ್ಟರ್ ಪರೀಕ್ಷೆ ಮಾಡಿಸಿ. ಕೇಬಲ್‌ನಲ್ಲಿ ಸಂಪರ್ಕ ಸರಿಯಿದ್ದರೆ ರೂಟರನ್ನು ಅಡುಗೆಮನೆಯಿಂದ ದೂರ, ಎತ್ತರದಲ್ಲಿಡಿ.

ಕೊಳ್ಳುವುದೇ ಆದರೆ 5 ಗಿಗಾಹರ್ಟ್ಸ್ ಕೂಡ ಇರುವ ಡ್ಯುಯಲ್ ಬ್ಯಾಂಡ್ ವೈಫೈ 6 ರೂಟರ್ ಕೊಳ್ಳಿ. ಒಲೆಯ ಕಾಟ ಆ ಪಟ್ಟಿಯಲ್ಲಿಲ್ಲ. ಪೆಟ್ಟಿಗೆಯ ಮೇಲಿನ ದೊಡ್ಡ ವೇಗದ ಅಂಕಿಗಳಿಗೆ ದಯವಿಟ್ಟು ಮರುಳಾಗಬೇಡಿ. 5 ಗಿಗಾಹರ್ಟ್ಸ್ ಅಲೆ ಗೋಡೆ ದಾಟುವುದರಲ್ಲಿ ದುರ್ಬಲ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆಯ ಮನೆಯಾದರೆ ಒಂದೇ ದುಬಾರಿ ರೂಟರ್‌ಗಿಂತ ಬೇರೆ ಬೇರೆ ಕಡೆ ಇಟ್ಟರೂ ಒಂದೇ ಜಾಲವಾಗಿ ಕೆಲಸ ಮಾಡುವ ಎರಡು ಘಟಕಗಳ ಮೆಶ್ ವಾಸಿ. ಫೈಬರ್ ಸಂಪರ್ಕವಿದ್ದರೆ ಕಂಪನಿ ಕೊಟ್ಟ ಪೆಟ್ಟಿಗೆಯನ್ನು ತೆಗೆಯಬೇಡಿ. ಬೆಳಕಿನ ಸಂಕೇತವನ್ನು ಬಿಡಿಸುವುದು ಅದೇ. ಹೊಸ ರೂಟರನ್ನು ಅದಕ್ಕೆ ಕೇಬಲ್‌ನಿಂದ ಜೋಡಿಸಬೇಕು.