ಹಾಡನ್ನು ಹಿಡಿದಿಟ್ಟ ಕಬ್ಬಿಣ

ಬೇಗೂರಿನ ನಾಗೇಶ್ವರ ದೇವಾಲಯದ ಶಾಸನವೊಂದು ‘ಬೆಂಗಳೂರು’ ಎಂಬ ಹೆಸರನ್ನು ಒಂಬತ್ತನೆಯ ಶತಮಾನದ ಕೊನೆಯಿಂದಲೂ ಕಾಪಾಡಿಕೊಂಡು ಬಂದಿದೆ. ಕಲ್ಲು ಅಕ್ಷರವನ್ನು ಉಳಿಸಬಲ್ಲುದು. ಕಂಠದ ಇಂಪನ್ನು ಉಳಿಸುವ ಬಗೆ ಯಾವುದು?

1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿಯಾದ ‘ನಿತ್ಯೋತ್ಸವ’ ಹೊರಬಂದಿತು. ಕವಿ ಕೆ. ಎಸ್. ನಿಸಾರ್ ಅಹಮದ್ ಭೂವಿಜ್ಞಾನದ ಅಧ್ಯಾಪಕರಾಗಿದ್ದವರು. ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ನಾಡನ್ನು ಕೊಂಡಾಡುವ ಆ ಹೆಸರಿನ ಗೀತೆಯಲ್ಲಿ ಕವಿ ಜೋಗವನ್ನಷ್ಟೇ ಅಲ್ಲ, ಗಿರಿಗಳ ಅದಿರನ್ನೂ ನೆನೆದಿದ್ದಾರೆ. ಇಂಥ ಸುರುಳಿಗಳ ಪಟ್ಟಿಗೆ ಸಾಮಾನ್ಯವಾಗಿ ಲೇಪಿಸುತ್ತಿದ್ದುದೂ ಕಬ್ಬಿಣದ ಆಕ್ಸೈಡನ್ನೇ ಎಂಬುದು ಸ್ವಾರಸ್ಯಕರವಲ್ಲವೆ?

ಗಾಯಕನ ದನಿ ಮೈಕ್ರೋಫೋನಿನಲ್ಲಿ ವಿದ್ಯುತ್ತಾಗಿ ಮಾರ್ಪಡುತ್ತದೆ. ಆ ವಿದ್ಯುತ್ತು ತಂತಿಯ ಸುತ್ತುಗಳಲ್ಲಿ ಹರಿದಾಗ ಉಂಟಾಗುವ ಕಾಂತಕ್ಷೇತ್ರವು ಪಟ್ಟಿಯ ಮೇಲಿನ ಕಣಗಳನ್ನು ದನಿಯ ಏರಿಳಿತಕ್ಕೆ ತಕ್ಕಂತೆ ಕಾಂತಗೊಳಿಸುತ್ತದೆ. ಪಟ್ಟಿಯ ವೇಗ ಸೆಕೆಂಡಿಗೆ 4.76 ಸೆಂಟಿಮೀಟರು. ಆದುದರಿಂದ ಸೆಕೆಂಡಿಗೆ 476 ಸಲ ಕಂಪಿಸುವ ಸ್ವರದ ಒಂದೊಂದು ಅಲೆಗೂ ಅದರಲ್ಲಿ ದೊರೆಯುವ ಜಾಗ ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮಾತ್ರ!

ಹಳೆಯ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ನಿಮಿಷಗಳಷ್ಟು ಹಾಡು ಹಿಡಿಯುತ್ತಿತ್ತು. ರೇಡಿಯೋ ಹಾಡುತ್ತಿದ್ದುದು ತನ್ನ ವೇಳೆಗೆ. ಸುರುಳಿಯಾದರೋ ಕೇಳುಗನ ಇಚ್ಛೆಗೆ ಒಳಪಟ್ಟಿತು. ಕವಿತೆ ಪುಸ್ತಕದಿಂದ ಅಡುಗೆಮನೆಗೂ ಅಂಗಡಿಗೂ ನಡೆದುಬಂದಿತು.

ಆದರೆ ಪಟ್ಟಿ ಕಲ್ಲಲ್ಲ. ಕಣಗಳನ್ನು ಹಿಡಿದಿರುವ ಅಂಟು ತೇವದಿಂದ ಕೆಲವೇ ದಶಕಗಳಲ್ಲಿ ಸಡಿಲಗೊಳ್ಳಬಹುದು. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಹಿರಿಯರ ದನಿಯುಳ್ಳ ಸುರುಳಿ ಇದ್ದೀತು. ಅದನ್ನು ಒಣ ಸ್ಥಳದಲ್ಲಿ, ಆಯಸ್ಕಾಂತಗಳಿಂದ ದೂರವಿಡಿ. ಬೇಗನೆ ಗಣಕಯಂತ್ರಕ್ಕೆ ಪ್ರತಿ ಮಾಡಿಕೊಳ್ಳಿ. ಅಂಗಡಿಯ ಹಾಡಿಗೆ ಪ್ರತಿಗಳು ಸಾವಿರ. ಅಜ್ಜಿಯ ಹಾಡಿಗೆ ಅದೊಂದೇ.