ಹಿಂಡಿಯ ಸಸಾರಜನಕವನ್ನು ಅಳೆಯುವ ಬಗೆ

ಸನವಳ್ಳಿ ಸೀಮೆಯ ಹಿಡುವಳಿದಾರರು ಕರೆಯುವ ದನಗಳಿಗಾಗಿ ಶೇಂಗಾ ಹಿಂಡಿಯನ್ನೂ ಹತ್ತಿಕಾಳಿನ ಹಿಂಡಿಯನ್ನೂ ಹಣ ಕೊಟ್ಟು ತರುವರು. ಹಿಂಡಿಯ ಯೋಗ್ಯತೆಯು ಬಹುಮಟ್ಟಿಗೆ ಅದರ ಸಸಾರಜನಕವನ್ನು, ಎಂದರೆ ಪ್ರೋಟೀನನ್ನು, ಅವಲಂಬಿಸಿರುವುದು. ಚೀಲದ ಮೇಲಿನ ಅಂಕಿಯು ಹೇಗೆ ದೊರೆಯುವುದೆಂಬುದನ್ನು ಊರ ಹಿರಿಯರು ತಿಳಿದಿರುವುದು ಮೇಲು.

ರಸಾಯನಶಾಲೆಯಲ್ಲಿ ಸಸಾರಜನಕವನ್ನು ನೇರವಾಗಿ ತೂಗುವುದಿಲ್ಲ. 1883ರಲ್ಲಿ ಡೆನ್ಮಾರ್ಕಿನ ಕ್ಯೆಲ್ಡಾಲ್ ಎಂಬ ರಸಾಯನಶಾಸ್ತ್ರಜ್ಞರು ಪ್ರಕಟಿಸಿದ ಕ್ರಮವು ಇಂದಿಗೂ ಬಳಕೆಯಲ್ಲಿದೆ. ಪದಾರ್ಥವನ್ನು ಪ್ರಬಲ ಗಂಧಕಾಮ್ಲದಲ್ಲಿ ಕುದಿಸಿದರೆ ಅದರ ಸಾರಜನಕವು ಅಮೋನಿಯಾ ಲವಣವಾಗುವುದು. ಬಳಿಕ ಕ್ಷಾರವನ್ನು ಬೆರಸಿ, ಅಮೋನಿಯಾವನ್ನು ಬಟ್ಟಿಯಿಳಿಸಿ ಅಳೆಯುವರು. ಸಸಾರಜನಕದಲ್ಲಿ ನೂರಕ್ಕೆ ಸುಮಾರು 16 ಪಾಲು ಸಾರಜನಕವಿರುವುದರಿಂದ, ದೊರೆತ ಅಂಕಿಯನ್ನು 6.25ರಿಂದ ಗುಣಿಸುವರು.

ಈ ಕೆಲಸಕ್ಕೆ ಜಿಡ್ಡು ತೊಡಕು. ಅದು ಆಮ್ಲವನ್ನು ವೃಥಾ ನುಂಗುವುದು. ನೊರೆಯುಕ್ಕಿ ಮಾದರಿಯು ಬುದ್ದಲಿಯ ಕೊರಳಿಗೇರುವುದು. ಆದಕಾರಣ ಜಿಡ್ಡು ಬಹಳವಿದ್ದರೆ ಮೊದಲು ಈಥರಿನಂತಹ ದ್ರಾವಕದಿಂದ ಎಣ್ಣೆಯನ್ನು ತೆಗೆದು, ಉಳಿದ ಚರಟವನ್ನು ಪರೀಕ್ಷಿಸುವರು. ಫಲವನ್ನು ಮಾತ್ರ ಮೂಲ ಮಾದರಿಯ ತೂಕಕ್ಕೆ ಹೊಂದಿಸಿ ಹೇಳಬೇಕು. ಸಸಾರಜನಕವು ಅತ್ಯಲ್ಪವಾಗಿರುವಾಗ ಸೋಸುಕಾಗದದಲ್ಲಿಯೂ ಆಮ್ಲದಲ್ಲಿಯೂ ಇರುವ ಲೇಶ ಸಾರಜನಕವೇ ಲೆಕ್ಕವನ್ನು ಕೆಡಿಸುವುದು: 10 ಮಿಲಿಗ್ರಾಂ ಇರುವಲ್ಲಿ 1 ಮಿಲಿಗ್ರಾಂ ಹೆಚ್ಚಾದರೆ ಹತ್ತರಲ್ಲೊಂದು ಪಾಲು ತಪ್ಪು. ಆದುದರಿಂದ ಮಾದರಿಯಿಲ್ಲದೆ ಅದೇ ಕ್ರಮವನ್ನು ಒಮ್ಮೆ ನಡೆಸಿ, ಬಂದುದನ್ನು ಕಳೆಯುವರು.

ಇದಕ್ಕಿಂತ ದೊಡ್ಡ ತಪ್ಪುಗಳು ಊರಿನಲ್ಲಿಯೇ ಆಗುವುವು. ಗಾಣದ ಹಿಂಡಿಯನ್ನು ಹಳೆಯ ಕಾಗದದಲ್ಲಿ ಸುತ್ತಿ ಕಳುಹಿಸುವ ರೂಢಿಯುಂಟು. ಕಾಗದವು ಎಣ್ಣೆಯನ್ನು ಕುಡಿಯುವುದು. 100 ಪಾಲು ಹಿಂಡಿಯಲ್ಲಿ 40 ಪಾಲು ಸಸಾರಜನಕವಿದ್ದು 5 ಪಾಲು ಎಣ್ಣೆ ಹೋದರೆ, ಅಂಕಿಯು 42ನ್ನು ಮೀರುವುದು. ಹಲವು ಚೀಲಗಳ ಮೇಲು, ನಡು, ತಳಗಳಿಂದ ತೆಗೆದು, ಕುಟ್ಟಿ ಬೆರಸಿ, ಬಿಗಿಮುಚ್ಚಳದ ಗಾಜಿನ ಸೀಸೆಯಲ್ಲಿ ಕಳುಹಿಸತಕ್ಕದ್ದು.

ಇನ್ನೊಂದು ಮೋಸವುಂಟು. ಈ ಕ್ರಮವು ಸಾರಜನಕವು ಎಲ್ಲಿಂದ ಬಂದಿತೆಂದು ಕೇಳುವುದಿಲ್ಲ. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕವಿದೆ. 100 ಕಿಲೋ ಹಿಂಡಿಯಲ್ಲಿ 1 ಕಿಲೋ ಯೂರಿಯಾ ಸೇರಿದ್ದರೆ ಸಸಾರಜನಕದ ಅಂಕಿಯು ಸುಮಾರು 2.9ರಷ್ಟು ಏರಿ ತೋರುವುದು. 2008ರಲ್ಲಿ ಚೀನಾದಲ್ಲಿ ಹಾಲಿಗೆ ಮೆಲಮೈನ್ ಬೆರಸಿದ್ದೂ ಇದೇ ಯುಕ್ತಿಯಿಂದ; ಶಿಶುಗಳು ಸತ್ತುವು. ಅಳತೆಮೀರಿದ ಯೂರಿಯಾ ದನಗಳಿಗೂ ವಿಷವೇ. ಸಂಶಯವಿದ್ದಲ್ಲಿ ಯೂರಿಯಾ ಪರೀಕ್ಷೆಯನ್ನೂ ನಿಜ ಸಸಾರಜನಕದ ಪರೀಕ್ಷೆಯನ್ನೂ ಬರೆದು ಕೇಳಬೇಕು. ಎರಡನೆಯದರಲ್ಲಿ ಸಸಾರಜನಕವನ್ನು ಗರಣೆಗಟ್ಟಿಸಿ ಸೋಸುವರು. ಯೂರಿಯಾ ನೀರಿನೊಡನೆ ಹರಿದುಹೋಗುವುದು.

ಬೂಸು ಹಿಡಿದ ಶೇಂಗಾ ಹಿಂಡಿಯ ವಿಷವು ಈ ಯಾವ ಅಂಕಿಯಲ್ಲಿಯೂ ಕಾಣದು. ಅದಕ್ಕೆ ಬೇರೆ ಪರೀಕ್ಷೆಯಿದೆ.