ನಿಮಗಿದು ಗೊತ್ತೆ? ಸೀಸದ ಗುಂಡಿನ ವೇಗವನ್ನು ಅಳೆದ ಬಗೆ
ಪಶ್ಚಿಮಘಟ್ಟದ ಅಡಿಯಲ್ಲಿರುವ ನಾರಾವಿಯಂತಹ ಊರುಗಳಲ್ಲಿ, ಕಾಡುಹಂದಿಗಳ ಹಾವಳಿಯಿಂದ ಬೆಳೆಯನ್ನು ಕಾಪಾಡಲೆಂದು ಪರವಾನಗಿ ಪಡೆದ ಕೃಷಿಕರಿಗೆ ಚಿರಪರಿಚಿತವಾದ ಕೇಪಿನ ಕೋವಿಗೆ, ಮದ್ದು ಗುಂಡುಗಳೆರಡನ್ನೂ ನಳಿಗೆಯ ಬಾಯಿಂದಲೇ ತುಂಬುವರು. ಸೀಸವು ನೀರಿಗಿಂತ ಹನ್ನೊಂದು ಪಟ್ಟು ಭಾರವುಳ್ಳದ್ದಾಗಿಯೂ ಸುಮಾರು 327 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ದ್ರವಿಸುವುದಾದ ಕಾರಣ, ಗುಂಡಿನ ಎರಕಕ್ಕೆ ಶತಮಾನಗಳಿಂದಲೂ ಅದೇ ಯೋಗ್ಯವೆನಿಸಿದೆ. ಇಂತಹ ಗುಂಡಿನ ವೇಗವನ್ನು ಅಳೆಯುವ ಕ್ರಮವನ್ನು 1742ರಲ್ಲಿ ಪ್ರಕಟಿಸಿದವನು ಆಂಗ್ಲ ಗಣಿತಜ್ಞ ಬೆಂಜಮಿನ್ ರಾಬಿನ್ಸ್. ತೂಗುಬಿಟ್ಟ, ಮರ ಹೊದಿಸಿದ ಕಬ್ಬಿಣದ ಫಲಕಕ್ಕೆ ಗುಂಡು ಹಾರಿಸಿ, ಅದು ಹಿಂದಕ್ಕೆ ಓಲಿದ ದೂರದಿಂದ ವೇಗವನ್ನು ಗಣಿಸಿದ ಆ ಉಪಾಯದ ಸರಳತೆ ನಿಜಕ್ಕೂ ವಿಸ್ಮಯಾವಹವಾದುದು! ಗುರಿಯಭ್ಯಾಸದ ಬಯಲುಗಳಲ್ಲಿ ಈಗ ವಿದ್ಯುನ್ಮಾನ ಮಾಪಕಗಳು ಆ ಕೆಲಸವನ್ನು ನಿರ್ವಹಿಸುತ್ತವೆ. ಈಸ್ಟ್ ಇಂಡಿಯಾ ಕಂಪನಿಯ ಕೋಟೆಗಳನ್ನು ಸುಧಾರಿಸಲು ಭಾರತಕ್ಕೆ ಬಂದ ರಾಬಿನ್ಸ್, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ತೀರಿಕೊಂಡನು.